ಆರು ಬೆರಳು ಸಡಿಲ

ಮೇಷ್ಟ್ರ ಕೆಲಸ ಮಾಡಿದವರಿಗೆ ನಿವೃತ್ತಿಯ ನಂತರ ಸಕ್ಕರೆ ಕಾಯಿಲೆ, ಮಂಡಿನೋವು ಬರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಕೆಲಸದಲ್ಲಿರುವಾಗಲೇ ಅಂಟಿಕೊಳ್ಳುವ ಇನ್ನೊಂದು ಕಾಯಿಲೆಯ ಬಗ್ಗೆ ಯಾವ ಡಾಕ್ಟರೂ ಬಾಯಿ ಬಿಡುವುದಿಲ್ಲ. ಎಲ್ಲೇ ತಪ್ಪು ಕಂಡರೂ ಅದು ಎದುರಿಗೆ ಕೂತವರದ್ದೇ ಎಂಬ ಗಟ್ಟಿ ನಂಬಿಕೆಯೇ ಆ ಕಾಯಿಲೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಬೋರ್ಡಿನ ಮೇಲೆ ನಾನು ಬಿಡಿಸಿದ ಲೆಕ್ಕಕ್ಕೂ ಪುಸ್ತಕದ ಹಿಂದಿನ ಉತ್ತರಕ್ಕೂ ತಾಳೆಯಾಗದೆ ಹೋದಾಗ, ‘ಅಚ್ಚಿನ ತಪ್ಪು, ತಿದ್ದಿಕೊಳ್ಳಿ’ ಎಂದು ನಲವತ್ತು ಮಕ್ಕಳ ಕೈಯಲ್ಲಿ ಪುಸ್ತಕವನ್ನೇ ತಿದ್ದಿಸಿದ್ದೇನೆ. ಅದರಲ್ಲಿ ಎಷ್ಟು ಸಲ ಪುಸ್ತಕವೇ ಸರಿಯಾಗಿತ್ತು ಎಂದು ಈಗ ಕೆದಕುವುದು ಬೇಡ. ನಿವೃತ್ತನಾದ ಮೇಲೂ ಈ ಕಾಯಿಲೆ ವಾಸಿಯಾಗಲಿಲ್ಲ. ನಲವತ್ತು ಮಕ್ಕಳಿಗೆ ಹಂಚಿಹೋಗುತ್ತಿದ್ದದ್ದು ಮನೆಯಲ್ಲಿ ಒಬ್ಬಳೇ ಹೆಂಡತಿಯ ಪಾಲಿಗೆ ಬಂತು, ಅಷ್ಟೇ ವ್ಯತ್ಯಾಸ.

ನನ್ನ ಹೆಂಡತಿ ಗಿರಿಜೆ ಅಜ್ಜಂಪುರದ ನಮ್ಮ ಮನೆಯ ಹಿಂದಿನ ಅರ್ಧ ಎಕರೆಯಲ್ಲಿ ತೆಂಗಿನ ಸಸಿ ಬೆಳೆಸಿ ಮಾರುತ್ತಾಳೆ. ಬೀಜದ ಕಾಯಿ ಬರುವುದು ಅವಳ ತವರು ಪಂಚನಹಳ್ಳಿಯಿಂದ. ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ನೀರಿನ ಸದ್ದು ಕೇಳಿ, ಇದು ಮೊಳೆಯುತ್ತೆ, ಇದು ಇಲ್ಲ ಎಂದು ಎರಡು ಗುಡ್ಡೆ ಮಾಡುತ್ತಾಳೆ. ಒಮ್ಮೆ ಅವಳ ಪರೀಕ್ಷೆಯನ್ನೇ ಪರೀಕ್ಷೆ ಮಾಡೋಣವೆಂದು ನಾನು ‘ಇಲ್ಲ’ದ ಗುಡ್ಡೆಯಿಂದ ಹತ್ತು ಕಾಯಿ ಕದ್ದು ಬಚ್ಚಲ ಹಿಂದೆ ಹೂತಿಟ್ಟಿದ್ದೆ. ಒಂದೂ ಮೊಳೆಯಲಿಲ್ಲ. ಇದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಸುತ್ತಮುತ್ತಲ ರೈತರು ಗಿರಿಜಕ್ಕನ ಸಸಿ ಎಂದೇ ಕೇಳಿಕೊಂಡು ಬರುತ್ತಾರೆ. ಬರಲಾಗದವರಿಗಾಗಿ ನಾವೇ ಕಡೂರು, ತರೀಕೆರೆ ಸಂತೆಗಳಿಗೆ ಒಯ್ಯುತ್ತೇವೆ.

ಒಯ್ಯುವುದು ನಮ್ಮ ಪಿಕಪ್ಪಿನಲ್ಲಿ. ಅದಕ್ಕೆ ಈಗ ಹತ್ತೊಂಬತ್ತು ವರ್ಷ. ನಾನಿನ್ನೂ ಸರ್ಕಾರಿ ನೌಕರಿಯಲ್ಲಿದ್ದಾಗ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ನನ್ನ ಹೆಸರಿಗೆ ಮಾಡಿಸಿದರೆ ಇಲಾಖೆಗೆ ಅರ್ಜಿ, ಅದಕ್ಕೊಂದು ವಿವರಣೆ, ವಿವರಣೆಗೆ ಇನ್ನೊಂದು ವಿವರಣೆ ಎಂದು ಹೆದರಿ ಗಿರಿಜೆಯ ಹೆಸರಿಗೆ ಮಾಡಿಸಿದೆ. ಹೆಸರು ಅವಳದ್ದಾದರೂ ಸ್ಟೀರಿಂಗು ನನ್ನದೇ ಆಗಿತ್ತು. ಅವಳು ಪಕ್ಕದಲ್ಲಿ ಕೂತು ಹಿಂದಿನ ಸಸಿಗಳನ್ನು ನೋಡಿಕೊಳ್ಳುವುದು, ನಾನು ಮುಂದಿನ ರಸ್ತೆಯನ್ನು ನೋಡಿಕೊಳ್ಳುವುದು ಎಂದು ಕೆಲಸ ಹಂಚಿಕೊಂಡಿದ್ದೆವು. ಇದು ಹೀಗೇ ನಡೆಯುತ್ತಿತ್ತೇನೋ. ಆದರೆ ನನಗೆ ಸಂತೆಯಲ್ಲಿ ಹಳೆಯ ವಿದ್ಯಾರ್ಥಿಗಳು ಸಿಗುವ ಪೀಡೆಯೊಂದಿದೆ. ಕಳೆದ ಬೇಸಿಗೆಯಲ್ಲಿ ತರೀಕೆರೆಯಲ್ಲಿ ಹಾಗೆ ಇಬ್ಬರು ಸಿಕ್ಕರು. ಗಿರಿಜೆ ಆ ದಿನ ಬಂದಿರಲಿಲ್ಲ. ಹೋಟೆಲಿನಲ್ಲಿ ಕೂತು ಪೈಥಾಗೊರಸನ ಪ್ರಮೇಯ ಯಾರಿಗೆ ಎಷ್ಟು ನೆನಪಿದೆ ಎಂದು ವಿಚಾರಿಸುವಷ್ಟರಲ್ಲಿ ಹೊತ್ತು ಮೂರು ತಾಸು ಸರಿದಿತ್ತು. ಹೊರಗೆ ಬಂದು ನೋಡಿದರೆ ಬಿಸಿಲಿಗೆ ಸಸಿಗಳೆಲ್ಲ ತಲೆ ಬಗ್ಗಿಸಿ ನಿಂತಿದ್ದವು. ಮನೆಗೆ ತಂದಾಗ ಗಿರಿಜೆ ಒಂದೊಂದನ್ನೂ ಮುಟ್ಟಿ ನೋಡಿದಳು. ಆಮೇಲೆ, ತಾನೇ ಗಾಡಿ ಕಲಿಯುವುದಾಗಿ ಹೇಳಿ ಒಳಗೆ ಹೋದಳು. ಅವಳಿಗೆ ಆಗ ಐವತ್ಮೂರು.

ಕಲಿಸುವವನು ನಾನೇ. ಮೂವತ್ತೊಂದು ವರ್ಷದ ಅನುಭವ ಮನೆಯಲ್ಲಿರುವಾಗ ಡ್ರೈವಿಂಗ್ ಸ್ಕೂಲಿಗೆ ಯಾಕೆ ಹೋಗಬೇಕು ಎಂದು ವಾದಿಸಿ ಆ ಕೆಲಸವನ್ನು ನಾನೇ ಮೇಲೆ ಹಾಕಿಕೊಂಡೆ. ಎಲ್‌ಎಲ್‌ಆರ್ ಎಂಬ ಆರು ತಿಂಗಳ ಕಲಿಕೆಯ ಪರವಾನಗಿ ಮಾಡಿಸಿ, ಹಿಂದೆ ಮುಂದೆ ಕೆಂಪು ‘ಎಲ್’ ಕಟ್ಟಿ, ಒಣಗಿದ ಕೆರೆಯ ಅಂಗಳಕ್ಕೆ ಕರೆದುಕೊಂಡು ಹೋಗಿ ಪಾಠ ಶುರು ಮಾಡಿದೆ. ಕ್ಲಚ್ಚು, ಗೇರು, ಬ್ರೇಕು ಒಂದು ವಾರದಲ್ಲಿ ಅವಳ ಕೈಕಾಲಿಗೆ ಬಂದವು. ಆದರೆ ಗಾಡಿ ಮಾತ್ರ ನೆಟ್ಟಗೆ ಹೋಗಲೊಲ್ಲದು. ಎಡಕ್ಕೆ ಎಳೆದರೆ ಮೊದಲು ಸುಮ್ಮನಿದ್ದು ಆಮೇಲೆ ಒಮ್ಮೆಗೇ ಎಡಕ್ಕೆ ನುಗ್ಗುವುದು, ಅದನ್ನು ತಿದ್ದಲು ಬಲಕ್ಕೆ ಎಳೆದರೆ ಮತ್ತೆ ಹಾಗೇ. ಕೆರೆಯಂಗಳದ ಮಣ್ಣಿನ ಮೇಲೆ ಬಿದ್ದ ಚಕ್ರದ ಗುರುತು ನೋಡಿದರೆ ಎತ್ತು ಉಚ್ಚೆ ಹುಯ್ಯುತ್ತಾ ನಡೆದುಹೋದ ಹಾಗೆ ಕಾಣುತ್ತಿತ್ತು. ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ ಸರಳರೇಖೆ ಎಂದು ನಾನು ದಿನಾ ಹೇಳುತ್ತಿದ್ದೆ. ಕೈ ಬಿಗಿ ಹಿಡಿಯುತ್ತೀಯ, ಗಮನ ಇಲ್ಲ, ಈ ವಯಸ್ಸಿನಲ್ಲಿ ಕಲಿಯೋದು ಕಷ್ಟವೇ ಅಂತಲೂ ಹೇಳಿದೆ. ಸ್ಟೀರಿಂಗು ಸಡಿಲ ಇರಬಹುದು ಎಂದು ಅವಳು ಮೆಲ್ಲಗೆ ಅಂದಾಗ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದುಬಿಟ್ಟೆ. ಅವಳ ಮುಖ ಸಣ್ಣದಾಯಿತು. ನಾನು ಅದನ್ನು ನೋಡಿದೆ, ನೋಡಿಯೂ ಪಾಠ ಮುಂದುವರಿಸಿದೆ.

ಸಡಿಲ ಎಂಬ ಅವಳ ಮಾತನ್ನು ನಾನು ಒಪ್ಪದಿರಲು ಕಾರಣವೂ ಇತ್ತು. ನಾನು ಓಡಿಸಿದರೆ ಅದೇ ಗಾಡಿ ಸಾಕಿದ ಎತ್ತಿನ ಹಾಗೆ ಹೋಗುತ್ತಿತ್ತು. ಅಷ್ಟೇ ಅಲ್ಲ, ನಾನು ಶಿವನಿ ರಸ್ತೆಗೆ ಗಾಡಿ ಇಳಿಸಿದರೆ ಎದುರಿಗೆ ಬರುವ ಟೆಂಪೋಗಳು, ಬೈಕುಗಳು, ಒಮ್ಮೊಮ್ಮೆ ಬಸ್ಸು ಕೂಡ ಟಾರು ಬಿಟ್ಟು ಮಣ್ಣಿಗಿಳಿದು ದಾರಿ ಬಿಡುತ್ತಿದ್ದವು. ಎಷ್ಟೋ ಜನ ನನ್ನ ಕೈಯಲ್ಲಿ ಕಲಿತವರು, ಗುರುಗಳೆಂಬ ಗೌರವ ಎಂದುಕೊಂಡು ನಾನು ಕೈಯೆತ್ತಿ ಆಶೀರ್ವಾದ ಮಾಡುತ್ತಾ ಹೋಗುತ್ತಿದ್ದೆ. ಹಾಗೆ ಆಶೀರ್ವಾದಕ್ಕೆ ಒಂದು ಕೈ ಬಿಟ್ಟಾಗ ಅವರು ಇನ್ನೂ ಆಚೆಗೆ ಸರಿಯುತ್ತಿದ್ದರು.

ಗಿರಿಜೆ ಮೊದಲ ಸಲ ಡ್ರೈವಿಂಗ್ ಟೆಸ್ಟಿಗೆ ತರೀಕೆರೆಗೆ ಹೋಗಿ ಫೇಲಾದಳು. ಗಾಡಿಯನ್ನು ನೆಟ್ಟಗೆ ಹಿಂದಕ್ಕೆ ತೆಗೆಯಬೇಕಾದಲ್ಲಿ ಎರಡು ಕಂಬ ಬೀಳಿಸಿದಳು. ಟೆಸ್ಟ್ ತೆಗೆದುಕೊಂಡ ಇನ್‌ಸ್ಪೆಕ್ಟರು ಒಳ್ಳೆಯ ಮನುಷ್ಯ. ಕಿಟಕಿಯಿಂದ ಕೈ ಹಾಕಿ ಸ್ಟೀರಿಂಗನ್ನು ಒಂದು ಸಲ ಆಡಿಸಿ ನೋಡಿ, ಅಮ್ಮ, ಇದನ್ನೊಂದು ಸಲ ಯಾರಿಗಾದರೂ ತೋರಿಸಿಕೊಂಡು ಬನ್ನಿ ಎಂದರಂತೆ. ಹೆಂಗಸಿನ ಮನಸ್ಸು ನೋಯದಿರಲಿ ಎಂದು ಹಾಗೆ ಹೇಳಿದ್ದಾರೆ ಎಂದು ನಾನು ವ್ಯಾಖ್ಯಾನ ಮಾಡಿದೆ. ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತಾ ಅವಳು ಹೇಳಿದಳು, “ಇನ್ನೊಂದ್ಸಲ ಹೋಗ್ತೀನಿ ಕಣ್ರೀ. ಅದೂ ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ. ಸಸಿನೂ ಮನೆ ಮುಂದೆ ಮಾರೋವಷ್ಟೇ ಹಾಕ್ತೀನಿ.” ಎಲ್‌ಎಲ್‌ಆರ್ ಮುಗಿಯಲು ಮೂರು ವಾರವಿತ್ತು. ಮೊಳಕೆಯೊಡೆದ ಆರುನೂರು ಕಾಯಿ ಹಿತ್ತಲಲ್ಲಿ ಸಾಲಾಗಿ ಕೂತಿದ್ದವು. ಅವಳು ಹಟಕ್ಕೆ ಮಾತಾಡುವವಳಲ್ಲ, ಬಿಡುತ್ತೇನೆ ಎಂದರೆ ಬಿಟ್ಟೇಬಿಡುತ್ತಾಳೆ ಎಂದು ನನಗೆ ಗೊತ್ತಿತ್ತು.

ಆದರೂ ಕಾಯಿಲೆ ಕಾಯಿಲೆಯೇ. ಗಾಡಿಯಲ್ಲಿ ದೋಷವಿಲ್ಲ ಎಂದು ಸಾಬೀತು ಮಾಡಿದರೆ ಅವಳು ತನ್ನ ಕೈಯನ್ನು ತಿದ್ದಿಕೊಂಡಾಳು ಎಂದು ಲೆಕ್ಕ ಹಾಕಿ, ಕಡೂರಿಗೆ ಹೋಗಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಚಕ್ರಕ್ಕೆ ಏನೇನೋ ಕಚ್ಚಿಸಿ, ಕಂಪ್ಯೂಟರಿನಲ್ಲಿ ನೋಡಿ, ಕೊನೆಗೆ ಒಂದು ಬಣ್ಣದ ಹಾಳೆ ಕೊಟ್ಟರು. ಎಲ್ಲ ಕಡೆ ಹಸಿರು. ಕೊಡುವಾಗ ಆ ಅಂಗಡಿಯವನು ಸ್ಟೀರಿಂಗಿನ ಬಗ್ಗೆ ಏನೋ ಹೇಳಲು ಬಂದ, ನಾನು ಹಾಳೆಯನ್ನು ಓದುವುದರಲ್ಲಿ ಮುಳುಗಿದ್ದೆ. ಮನೆಗೆ ತಂದು, ಮಗ್ಗಿ ತಪ್ಪಿದವನಿಗೆ ಮಾರ್ಕ್ಸ್ ಕಾರ್ಡು ತೋರಿಸುವ ಠೀವಿಯಲ್ಲಿ ಅವಳ ಮುಂದೆ ಹಿಡಿದೆ.

ಗಿರಿಜೆ ಅದನ್ನು ಓದಿ ಮಡಿಚಿ ನನ್ನ ಕೈಗೇ ಕೊಟ್ಟಳು. ಮರುದಿನ ಬೆಳಿಗ್ಗೆ ನೋಡಿದರೆ, ನನ್ನ ಹಳೆಯ ಪೆಟ್ಟಿಗೆಯಿಂದ ಒಂದು ಚಾಕ್‌ಪೀಸು ತೆಗೆದುಕೊಂಡು ಗಾಡಿಯಲ್ಲಿ ಕೂತಿದ್ದಾಳೆ. ತೆಂಗಿನ ಗರಿಯ ಒಂದು ಕಡ್ಡಿಯನ್ನು ಸ್ಟೀರಿಂಗಿನ ಅಂಚಿನ ಕಡೆಗೆ ಮುಖ ಮಾಡಿ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದಾಳೆ. ನನ್ನನ್ನು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಿನಲ್ಲಿ ಕೂರಿಸಿ, ಚಕ್ರ ಒಂದು ಕೂದಲಷ್ಟು ಅಲ್ಲಾಡಿದರೂ ಹೇಳಿ ಎಂದಳು. ಎಡಕ್ಕೆ ತಿರುಗಿಸುತ್ತಾ ಬಂದಳು. ಚಕ್ರ ಅಲ್ಲಾಡಿದಾಗ ನಾನು ‘ಹೂಂ’ ಎಂದೆ, ಅವಳು ಸ್ಟೀರಿಂಗಿನ ಮೇಲೆ ಕಡ್ಡಿಯ ಎದುರಿಗೆ ಒಂದು ಗೆರೆ ಹಾಕಿದಳು. ಬಲಕ್ಕೂ ಹಾಗೇ. ಆಮೇಲೆ ಎರಡು ಗೆರೆಗಳ ನಡುವೆ ಬೆರಳಿಟ್ಟು ಅಳೆದಳು. ಆರು ಬೆರಳು. ಆರು ಬೆರಳಗಲ ಸ್ಟೀರಿಂಗು ತಿರುಗಿದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮೂವತ್ತೊಂದು ವರ್ಷ ಅಳತೆ, ಪ್ರಮಾಣ ಎಂದು ಭಾಷಣ ಮಾಡಿದವನಿಗೆ ಅದೇ ಚಾಕ್‌ಪೀಸಿನಲ್ಲಿ ಉತ್ತರ ಬರೆದು ತೋರಿಸಿದರೆ ಅವನು ಏನು ತಾನೇ ಹೇಳಿಯಾನು? ಅಷ್ಟು ದಿನ ಎಂಥ ಬುದ್ಧಿಯವಳಿಗೆ ಗಮನ ಕೊಡು ಎಂದು ಗದರಿದೆನಪ್ಪಾ ಎಂದುಕೊಂಡು ಕಾಲಿನ ಜೋಮು ಬಿಡಿಸಿಕೊಳ್ಳುತ್ತಾ ಎದ್ದೆ.

ಇಲ್ಲಿಗೆ ಸೋಲೊಪ್ಪಿಕೊಂಡು ಮೆಕ್ಯಾನಿಕ್ಕನ ಹತ್ತಿರ ಹೋಗಿದ್ದರೆ ಈ ಕಥೆ ಗೌರವಯುತವಾಗಿ ಮುಗಿಯುತ್ತಿತ್ತು. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಸ್ಟೀರಿಂಗಿನ ಕಂಬದ ಬುಡದಲ್ಲಿ ಹಲ್ಲುಚಕ್ರಗಳಿರುವ ಒಂದು ಕಬ್ಬಿಣದ ಡಬ್ಬಿ ಇರುತ್ತದೆ, ಅದಕ್ಕೆ ಸ್ಟೀರಿಂಗ್ ಬಾಕ್ಸ್ ಎನ್ನುತ್ತಾರೆ, ಅದರ ತಲೆಯ ಮೇಲಿನ ತಿರುಪನ್ನು ಬಿಗಿ ಮಾಡಿದರೆ ಸಡಿಲ ಹೋಗುತ್ತದೆ ಎಂದು ಒಬ್ಬ ಪುಣ್ಯಾತ್ಮ ಹೇಳುತ್ತಿದ್ದ. ಕಾಲು ಸುತ್ತು ಸಾಕು ಎಂದೂ ಹೇಳಿದನೇನೋ. ಕಾಲು ಸುತ್ತಿಗೆ ಇಷ್ಟಾದರೆ ಒಂದೂವರೆ ಸುತ್ತಿಗೆ ಎಷ್ಟಾದೀತು ಎಂದು ನಾನು ತ್ರೈರಾಶಿ ಹಾಕಿದೆ. ಸ್ಟೀರಿಂಗು ಬೀಸುವ ಕಲ್ಲಿನ ಹಾಗೆ ಬಿಗಿಯಾಯಿತು. ಸಂತೋಷದಿಂದ ಒಬ್ಬನೇ ಶಿವನಿ ಕಡೆಗೆ ಹೊರಟೆ. ಮೊದಲ ತಿರುವಿನಲ್ಲಿ ಎಡಕ್ಕೆ ತಿರುಗಿಸಿದೆ, ತಿರುಗಿತು. ಸಾಮಾನ್ಯವಾಗಿ ತಿರುವು ಮುಗಿದ ಮೇಲೆ ಸ್ಟೀರಿಂಗು ತಾನಾಗಿ ನೆಟ್ಟಗಾಗಬೇಕು. ಇದು ಆಗಲಿಲ್ಲ. ನಾನು ಜಗ್ಗುವಷ್ಟರಲ್ಲಿ ಗಾಡಿ ರಸ್ತೆ ಬಿಟ್ಟು, ಯಾರದೋ ಹೊಲಕ್ಕೆ ಇಳಿದು, ರಾಗಿ ಹುಲ್ಲಿನ ಬಣವೆಗೆ ಮೂತಿ ತೂರಿಸಿ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಟ್ರಾಕ್ಟರ್ ತಂದು ಎಳೆದವನು ಹೊಲದ ಯಜಮಾನನೇ. ನನ್ನನ್ನು ಬೈಯುವ ಬದಲು, “ತರೀಕೆರೆ ಆಚಾರ್ರ ಹತ್ರ ಹೋಗಿ ಮೇಷ್ಟ್ರೇ. ಕೆಮ್ಮಣ್ಣುಗುಂಡಿ ಹತ್ತೋ ಜೀಪಿನೋರೆಲ್ಲ ಅವ್ರ ಕೈ ಬಿದ್ಮೇಲೇ ಘಾಟಿ ಹತ್ತೋದು,” ಎಂದ. ತಿರುಪನ್ನು ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟು, ಮಾರನೆಯ ದಿನ ಗಿರಿಜೆಯನ್ನೂ ಕೂರಿಸಿಕೊಂಡು, ಎತ್ತಿನ ಗಾಡಿಗಿಂತ ನಿಧಾನವಾಗಿ ತರೀಕೆರೆ ಸೇರಿದೆ.

ಆಚಾರ್ರಿಗೆ ಎಪ್ಪತ್ತು ದಾಟಿರಬಹುದು. ಅಂಗಡಿಗೆ ಬೋರ್ಡಿಲ್ಲ. ಲಿಂಗದಹಳ್ಳಿ ರಸ್ತೆಯಲ್ಲಿ ಒಂದು ಹೊಂಗೆ ಮರ, ಮರದ ಕೆಳಗೆ ತಗಡಿನ ಮಾಡು, ಮಾಡಿನ ಮುಂದೆ ಸರದಿ ಕಾಯುವ ಜೀಪುಗಳು, ಇಷ್ಟೇ ಗುರುತು. ಅವರ ತಂದೆ ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದವರಂತೆ. ಕಬ್ಬಿಣದ ಪಟ್ಟಿಯನ್ನು ಬೆರಣಿ ಬೆಂಕಿಯಲ್ಲಿ ಕಾಯಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರು ಹುಯ್ದು ಕಚ್ಚಿಸುವ ಕೆಲಸ. ಮರಕ್ಕೂ ಕಬ್ಬಿಣಕ್ಕೂ ನಡುವೆ ಕೂದಲೆಳೆಯ ಸಂದು ಉಳಿದರೂ ಆ ಚಕ್ರ ಮುಂದಿನ ಊರು ಮುಟ್ಟುವುದಿಲ್ಲ ಎಂದು ತಂದೆ ಹೇಳುತ್ತಿದ್ದರಂತೆ. ಎತ್ತಿನ ಗಾಡಿಗಳು ಹೋದವು, ಸಂದನ್ನು ಹುಡುಕುವ ಕಣ್ಣು ಮಗನಿಗೆ ಉಳಿಯಿತು. ನಾನು ನನ್ನ ಹಸಿರು ಹಾಳೆಯನ್ನು ತೆಗೆದು ಕೊಡಹೋದೆ. ಅವರು ಅದನ್ನು ನೋಡದೆ, ಗಾಡಿ ಯಾರ ಹೆಸರಿನಲ್ಲಿದೆ ಎಂದು ಕೇಳಿದರು. ಇವಳ ಹೆಸರಿನಲ್ಲಿ ಎಂದೆ. ಅವರು ಗಿರಿಜೆಯ ಕಡೆ ತಿರುಗಿ, ಹಾಗಾದರೆ ಕೆಳಗೆ ಮಲಗಬೇಕಾದವರು ನೀವು ತಾಯಿ ಎಂದರು.

ಆ ಅಂಗಡಿಯ ಪದ್ಧತಿಯೇ ಅದು. ಎಂಥ ಗಾಡಿ ಬರಲಿ, ಎಷ್ಟು ದೊಡ್ಡ ಮನುಷ್ಯರು ಬರಲಿ, ಆಚಾರ್ರು ಸ್ಪ್ಯಾನರ್ ಮುಟ್ಟುವ ಮೊದಲು ಗಾಡಿಯ ಯಜಮಾನರು ಗೋಣಿ ಹಾಸಿಕೊಂಡು ಕೆಳಗೆ ಮಲಗಿ, ತಮ್ಮ ಕೈಯಿಂದಲೇ ದೋಷ ಹುಡುಕಬೇಕು. ನಾನು ತಬ್ಬಿಬ್ಬಾಗಿ, ಸೀರೆ ಉಟ್ಟವಳು, ನಾನೇ ಹೋಗುತ್ತೇನೆ ಎಂದೆ. ಆಚಾರ್ರು ತಲೆಯಾಡಿಸಿದರು. “ಸ್ಟೇರಿಂಗ್ ಅಂದ್ರೆ ಜೀವ ಇಟ್ಕೊಂಡಿರೋ ಜಾಗ ಮೇಷ್ಟ್ರೇ. ನಾನ್ ಬಾಯಲ್ಲಿ ಹೇಳಿದ್ರೆ ಆಮೇಲ್ ಮಾಡ್ಸೋಣ ಅಂತ ಹೊರಟೋಗ್ತಾರೆ. ಅವ್ರ ಕೈಗೇ ಗೊತ್ತಾದ್ರೆ ಗಾಡಿ ಇಲ್ಲೇ ಬಿಟ್ಟು ಬಸ್ಸಲ್ಲಿ ಹೋಗ್ತಾರೆ.” ಅವರು ಹೇಳಿ ಮುಗಿಸುವಷ್ಟರಲ್ಲಿ ಗಿರಿಜೆ ಸಸಿ ಕೆಲಸಕ್ಕೆ ಹಾಕಿಕೊಳ್ಳುವ ನನ್ನ ಹಳೆಯ ಶರಟನ್ನು ಚೀಲದಿಂದ ತೆಗೆದು ಸೀರೆಯ ಮೇಲೆ ತೊಟ್ಟುಕೊಂಡು, ಸೆರಗು ಸಿಕ್ಕಿಸಿ, ಗೋಣಿ ಹಾಸುತ್ತಿದ್ದಳು. ಜೀಪಿನವರು ಮರ್ಯಾದೆಯಿಂದ ಮುಖ ತಿರುಗಿಸಿ ಕಾಫಿಗೆ ಹೋದರು.

ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಇಂಜಿನ್ ಆನ್ ಮಾಡದೆ ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸುತ್ತಿರಬೇಕೆಂದು ಅಪ್ಪಣೆಯಾಯಿತು. ಆಚಾರ್ರು ಗಾಡಿಯ ಪಕ್ಕದಲ್ಲಿ ಕುಕ್ಕರಿಸಿ ಕೂತು ಗಿರಿಜೆಗೆ ಪಾಠ ಹೇಳಿದರು. ಅಂಥ ಪಾಠವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಎರಡು ಕಬ್ಬಿಣ ಸೇರುವ ಜಾಗ ನೋಡಿ ತಾಯಿ, ಒಂದರ ಮೇಲೆ ಹೆಬ್ಬೆರಳಿಡಿ, ಇನ್ನೊಂದರ ಮೇಲೆ ಉಳಿದ ಬೆರಳು. ಎರಡೂ ಒಟ್ಟಿಗೆ ಅಲ್ಲಾಡಿದರೆ ಮುಂದಕ್ಕೆ ಹೋಗಿ. ಒಂದು ಅಲ್ಲಾಡಿ, ಇನ್ನೊಂದು ಕಾಯ್ದು ಆಮೇಲೆ ಅಲ್ಲಾಡಿದರೆ ಅಲ್ಲಿ ನಿಲ್ಲಿ. ಇಷ್ಟೇ. ಬಿಡಿಭಾಗಗಳ ಹೆಸರಿಲ್ಲ, ವ್ಯಾಖ್ಯೆ ಇಲ್ಲ, ಗದರಿಕೆ ಇಲ್ಲ. ಗಿರಿಜೆ ಚಕ್ರದ ಕಡೆಯಿಂದ ಶುರು ಮಾಡಿದಳು. ನಾನು ಮೇಲೆ ಆಡಿಸುತ್ತಿದ್ದೆ, ಅವಳು ಕೆಳಗೆ ಒಂದೊಂದೇ ಕೀಲಿಗೆ ಕೈಯಿಟ್ಟು ಬರುತ್ತಿದ್ದಳು. ಎರಡು ಚಕ್ರಗಳನ್ನು ಸೇರಿಸುವ ಸರಳಿನ ತುದಿಯಲ್ಲಿ ನಿಂತಳು. ಇದು ಸ್ವಲ್ಪ ಕಾಯುತ್ತೆ ಆಚಾರ್ರೇ ಎಂದಳು. ಟೈರಾಡ್ ಎಂಡು ಸವೆದಿದೆ, ಸರಿ, ಮುಂದಕ್ಕೆ ಎಂದರು. ಮುಂದಿನದು ಸರಿಯಿತ್ತು, ಅದರ ಮುಂದಿನದೂ ಸರಿಯಿತ್ತು. ಆಮೇಲಿನದಕ್ಕೆ ಇನ್ನೊಮ್ಮೆ ಆಡಿಸಲು ಹೇಳಿದಳು, ಆಡಿಸಿದೆ.

“ಆಚಾರ್ರೇ, ಈ ಡಬ್ಬಿನೇ ಅಲ್ಲಾಡ್ತಾ ಇದೆ. ಡಬ್ಬಿ ಅಲ್ಲಾಡ್ಬೋದಾ?”

ಆಚಾರ್ರು ನನ್ನ ಕಡೆ ನೋಡಿ ನಕ್ಕರು. ಘಾಟಿ ಓಡಿಸುವ ಹುಲಿಗಳೇ ಈ ಡಬ್ಬಿಯವರೆಗೆ ಕೈ ತರಲು ಅರ್ಧ ದಿನ ತೆಗೆದುಕೊಳ್ಳುತ್ತಾರೆ ಎಂದರು. ಡಬ್ಬಿ ಅಲ್ಲಾಡಬಾರದು. ಅದು ಗಾಡಿಯ ಎಲುಬಾದ ಚಾಸಿಗೆ ನಾಲ್ಕು ಬೋಲ್ಟಿನಲ್ಲಿ ಕೂತಿರಬೇಕು, ಅದು ಕದಲದೆ ನಿಂತರೆ ತಾನೇ ಚಕ್ರ ಕದಲುವುದು? ನಮ್ಮದರಲ್ಲಿ ಒಂದು ಬೋಲ್ಟು ಇರಲೇ ಇಲ್ಲ, ಎರಡರ ತೂತು ಸವೆದು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು. ಗಿರಿಜೆಯನ್ನು ಕೂಗಿ ಗದರಿಸುತ್ತಿದ್ದಾಗಲೆಲ್ಲ ನೆಲ ನಿಜವಾಗಿಯೂ ಡೊಂಕಾಗಿತ್ತು. ಇಷ್ಟಕ್ಕೇ ಮುಗಿದಿದ್ದರೆ ಹಳೆಯ ಗಾಡಿ, ಸವೆತ ಸಹಜ ಎಂದು ನಾನು ಪಾರಾಗುತ್ತಿದ್ದೆ. ಅಷ್ಟರಲ್ಲಿ ಗಿರಿಜೆ ಡಬ್ಬಿಗೂ ಚಾಸಿಗೂ ನಡುವೆ ಏನೋ ಸಿಕ್ಕಿಕೊಂಡಿದೆ ಎಂದು ಎಳೆದಳು. ಹೊರಗೆ ಬಂದದ್ದು ಬೆರಳುದ್ದದ ಒಂದು ರಬ್ಬರ್ ತುಂಡು. ಎಣ್ಣೆ ಮೆತ್ತಿಕೊಂಡಿದ್ದರೂ ನೀಲಿ ಬಣ್ಣ ತಿಳಿಯುತ್ತಿತ್ತು. ಆಚಾರ್ರು ಅದನ್ನು ಬೆಳಕಿಗೆ ಹಿಡಿದು, ಇದು ಯಾವ ಕಂಪನಿಯ ಪಾರ್ಟು ಎಂದು ತಮಗೆ ತಿಳಿಯುತ್ತಿಲ್ಲವಲ್ಲ ಎಂದರು.

ನನಗೆ ತಿಳಿದಿತ್ತು. ಅದು ನನ್ನ ಎಡಗಾಲಿನ ಹವಾಯಿ ಚಪ್ಪಲಿ. ಎರಡು ವರ್ಷದ ಹಿಂದೆ ಮುಂದಿನಿಂದ ಕಟಕಟ ಸದ್ದು ಬರುತ್ತಿತ್ತು. ಬಗ್ಗಿ ನೋಡಿದರೆ ಆ ಡಬ್ಬಿಯ ಹತ್ತಿರ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಕಿತ್ತುಹೋದ ಚಪ್ಪಲಿಯನ್ನು ಕತ್ತರಿಸಿ ಆ ಸಂದಿಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದೆ. ಸದ್ದು ನಿಂತಿತು. ಸದ್ದು ನಿಂತರೆ ದೋಷ ನಿಂತಂತೆ ಎಂಬುದು ನನ್ನ ಸಿದ್ಧಾಂತ, ತರಗತಿಯಲ್ಲೂ ಅದನ್ನೇ ಪಾಲಿಸಿದವನು. ಪಾಪ, ಬೋಲ್ಟು ಸಡಿಲವಾಗಿದೆ ಎಂದು ಗಾಡಿ ಬಾಯಿಬಿಟ್ಟು ಹೇಳುತ್ತಿತ್ತು, ನಾನು ಅದರ ಬಾಯಿಗೆ ಚಪ್ಪಲಿ ತುರುಕಿದ್ದೆ. ಆಮೇಲೆ ಎರಡು ವರ್ಷ ದಿನಕ್ಕಿಷ್ಟಿಷ್ಟೇ ತೂತು ದೊಡ್ಡದಾಗುತ್ತಾ ಹೋಯಿತು, ದಿನಕ್ಕಿಷ್ಟಿಷ್ಟೇ ನನ್ನ ಕೈ ಅದಕ್ಕೆ ಹೊಂದಿಕೊಳ್ಳುತ್ತಾ ಹೋಯಿತು. ಶಿವನಿ ರಸ್ತೆಯಲ್ಲಿ ಜನ ಮಣ್ಣಿಗಿಳಿಯುತ್ತಿದ್ದದ್ದು ಗುರುಭಕ್ತಿಯಿಂದಲ್ಲ, ಪ್ರಾಣಭಯದಿಂದ ಎಂದು ನನಗೆ ಆಗ ಹೊಳೆಯಿತು. ಚಪ್ಪಲಿ ನನ್ನದೇ ಎಂದು ಒಪ್ಪಿಕೊಂಡೆ. ಆಚಾರ್ರು ಗೋಣಿ ತೋರಿಸಿದರು. ಹೊಟ್ಟೆಯನ್ನು ಒಳಗೆಳೆದುಕೊಂಡು ಕಷ್ಟಪಟ್ಟು ಕೆಳಗೆ ತೂರಿದೆ. ಈಗ ಮೇಲೆ ಗಿರಿಜೆ ಆಡಿಸಿದಳು. ಆ ದೊಡ್ಡ ಕಬ್ಬಿಣದ ಡಬ್ಬಿ ನನ್ನ ಅಂಗೈ ಕೆಳಗೆ ಬೀಳುವ ಹಲ್ಲಿನ ಹಾಗೆ ಕದಲಿತು. ಇದನ್ನು ನಂಬಿಕೊಂಡು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಷ್ಟು ಸಲ ಹೋಗಿದ್ದೇನೆ ಎಂದು ನೆನೆದು ಅಲ್ಲೇ ಮಲಗಿದಲ್ಲಿ ಬೆವತೆ. “ತಪ್ಪು ನಂದು ಕಣೇ,” ಎಂದೆ. ಗಾಡಿಯ ಅಡಿಯಿಂದ ಹೇಳಿದ್ದು ಮೇಲಿನವರೆಗೆ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ. ಮುಖ ನೋಡಿಕೊಂಡು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಮಧ್ಯಾಹ್ನವೆಲ್ಲ ಆಚಾರ್ರ ಕೆಲಸ ನೋಡುತ್ತಾ ಹೊಂಗೆ ಮರದ ಕೆಳಗೆ ಕೂತೆವು. ಡಬ್ಬಿಯನ್ನು ಪೂರ್ತಿ ಬಿಚ್ಚಿ ತೆಗೆದರು. ಸವೆದ ತೂತುಗಳಿಗೆ ದೊಡ್ಡ ಬೋಲ್ಟು ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತೂತುಗಳನ್ನು ವೆಲ್ಡ್ ಮಾಡಿ ಮುಚ್ಚಿ, ಮೇಲೊಂದು ದಪ್ಪ ಪ್ಲೇಟು ಬೆಸೆದು, ಹೊಸದಾಗಿ ಕೊರೆದು, ಕೊನೆಯ ನೂಲಿನಷ್ಟನ್ನು ದುಂಡು ಅರದಲ್ಲಿ ಕೈಯಿಂದಲೇ ಉಜ್ಜಿದರು. ನಾಲ್ಕು ಸಲ ಉಜ್ಜುವುದು, ಬೋಲ್ಟು ತೂರಿಸಿ ನೋಡುವುದು, ಮತ್ತೆ ಎರಡು ಸಲ ಉಜ್ಜುವುದು. ಬೋಲ್ಟು ಬೀಳಲೂ ಬಾರದು, ಬಡಿಯಲೂ ಬಾರದು, ಹೆಬ್ಬೆರಳಲ್ಲಿ ಒತ್ತಿದರೆ ಹೋಗಿ ಕೂರಬೇಕು. ಮೂಗುತಿಯ ತಿರುಪು ಕೂರಿಸುವ ಅಕ್ಕಸಾಲಿಯ ತಾಳ್ಮೆ ಬೆರಳುದ್ದದ ಬೋಲ್ಟಿನ ಮೇಲೆ! ಟೈರಾಡ್ ಎಂಡುಗಳನ್ನು ಎರಡೂ ಕಡೆ ಹೊಸದು ಹಾಕಿದರು. ಕೊನೆಯಲ್ಲಿ ನಾನು ಒಂದೂವರೆ ಸುತ್ತು ಹಿಂಸೆ ಕೊಟ್ಟಿದ್ದ ಆ ತಿರುಪಿಗೆ ಬಂದರು. ಕಣ್ಣು ಮುಚ್ಚಿಕೊಂಡು, ಎಷ್ಟು ತಿರುಗಿಸಿದರೆಂದು ನನಗೆ ಕಾಣದಷ್ಟು ತಿರುಗಿಸಿ, ಬಿಟ್ಟರು. ಎಲ್ಲ ಮುಗಿದ ಮೇಲೆ ಹೊಸಿಲಿಗೆ ಬಳಿಯುವ ಹಳದಿ ಬಣ್ಣದ ಡಬ್ಬಿ ತಂದು, ಪ್ರತಿ ನಟ್ಟಿನಿಂದ ಚಾಸಿಯವರೆಗೆ ಒಂದೊಂದು ಗೆರೆ ಎಳೆದರು. ನಟ್ಟು ಒಂದಿಷ್ಟು ತಿರುಗಿದರೂ ಗೆರೆ ತುಂಡಾಗುತ್ತದೆ, ವಾರಕ್ಕೊಮ್ಮೆ ಬಗ್ಗಿ ನೋಡಿ ತಾಯಿ ಎಂದು ಗಿರಿಜೆಗೆ ಹೇಳಿದರು. ನನಗೆ ಹೇಳಲಿಲ್ಲ. ಅಷ್ಟೂ ವರ್ಷ ನಾನು ಎಳೆದ ಸರಳರೇಖೆಗಳಲ್ಲಿ ಒಂದಾದರೂ ಈ ಹಳದಿ ಗೆರೆಯಷ್ಟು ಉಪಯೋಗಕ್ಕೆ ಬಂದಿತೇ ಎಂದು ಯೋಚಿಸಿದೆ.

ಮೊದಲು ಓಡಿಸಿ ನೋಡುವ ಹಕ್ಕೂ ಯಜಮಾನರದ್ದೇ. ಆಚಾರ್ರು ಪಕ್ಕದಲ್ಲಿ ಕೂತರು, ಗಿರಿಜೆ ಓಡಿಸಿದಳು. ನಾನು ರಸ್ತೆಯಂಚಿಗೆ ನಿಂತು ನೋಡಿದೆ. ಗಾಡಿ ಲಿಂಗದಹಳ್ಳಿಯ ಕಡೆ ನೂಲು ಎಳೆದ ಹಾಗೆ ನೆಟ್ಟಗೆ ಹೋಯಿತು. ತಿರುಗಿಸಿಕೊಂಡು ಹಾಗೆಯೇ ನೆಟ್ಟಗೆ ಬಂತು. ಒಳಗೆ ಅವಳ ಬಾಯಿ ಸ್ವಲ್ಪ ತೆರೆದಿತ್ತು, ಕಣ್ಣು ಒದ್ದೆಯಾಗಿತ್ತು. ಐದು ತಿಂಗಳು ಅವಳು ಆರು ಬೆರಳು ಸಡಿಲವಿದ್ದ ಗಾಡಿಯನ್ನು, ಜೊತೆಗೆ ನನ್ನ ಬಾಯನ್ನು ಹಿಡಿದುಕೊಂಡು ಕಲಿತಿದ್ದಳಲ್ಲ, ಆ ಕೈಗೆ ಸರಿಯಾದ ಗಾಡಿ ಸಿಕ್ಕಿದರೆ ಇನ್ನು ಕೇಳಬೇಕೆ? ಹೆಮ್ಮೆಯೂ ನಾಚಿಕೆಯೂ ಒಟ್ಟಿಗೇ ಆಗಿ ನಾನು ಸುಮ್ಮನೆ ಕನ್ನಡಕ ಒರೆಸಿಕೊಂಡೆ.

ಮನೆಗೆ ಮಾತ್ರ ನೀವೇ ಓಡಿಸಿ, ನನಗೆ ಸಾಕಾಯಿತು ಎಂದಳು. ಕೂತೆ. ತರೀಕೆರೆ ದಾಟುವಷ್ಟರಲ್ಲಿ ಗೊತ್ತಾಯಿತು, ನನ್ನ ಕೈಗೆ ನೆಟ್ಟಗಿನ ಗಾಡಿ ಬರುವುದಿಲ್ಲ. ಎರಡು ವರ್ಷದಲ್ಲಿ ಅದು ಆರು ಬೆರಳು ಎಡಕ್ಕೆ, ಆರು ಬೆರಳು ಬಲಕ್ಕೆ ಸುಮ್ಮನೆ ಆಡುತ್ತಲೇ ಇರುವುದನ್ನು ಕಲಿತುಬಿಟ್ಟಿತ್ತು. ಮೊದಲು ಆ ಆಟವೆಲ್ಲ ದಾರಿಯಲ್ಲೇ ಕರಗಿಹೋಗುತ್ತಿತ್ತು, ಈಗ ಪ್ರತಿಯೊಂದೂ ಚಕ್ರಕ್ಕೆ ಮುಟ್ಟುತ್ತಿತ್ತು. ನಿಲ್ಲಿಸಬೇಕೆಂದು ಗಟ್ಟಿಯಾಗಿ ಹಿಡಿದರೆ ಇನ್ನೂ ಜಾಸ್ತಿ. ಹಾವು ಹರಿದಂತೆ ಹೋಗುತ್ತಿದ್ದ ನನ್ನನ್ನು ನೋಡಿ ಒಬ್ಬ ಬೈಕಿನವನು ನಿಂತು, ಯಾಕ್ ಯಜಮಾನ್ರೇ, ಹೊತ್ತು ಮುಳುಗೋ ಮುಂಚೆನೇ ಶುರು ಹಚ್ಕೊಂಡ್ರಾ ಎಂದು ಕೇಳಿಹೋದ. ಆಗ ಸಾಯಂಕಾಲ ನಾಲ್ಕೂವರೆ. ಜನ್ಮದಲ್ಲಿ ಒಂದು ಹನಿ ಮುಟ್ಟದವನು ನಾನು. ಗಿರಿಜೆ ಪಕ್ಕಕ್ಕೆ ನಿಲ್ಲಿಸಿ ಎಂದಳು. ಇಳಿದು ಸುತ್ತಿಕೊಂಡು ಬಂದಳು, ನಾನು ಆ ಕಡೆಗೆ ಸರಿದೆ. ಕಾನೂನಿನ ಪ್ರಕಾರ ಪಕ್ಕದಲ್ಲಿ ಲೈಸೆನ್ಸ್ ಇರುವ ಅನುಭವಸ್ಥನೊಬ್ಬ ಇರಬೇಕಲ್ಲ, ಆ ಸ್ಥಾನದಲ್ಲಿ ನಾನು ಅಜ್ಜಂಪುರದವರೆಗೂ ಕೂತು ಬಂದೆ.

ಎಲ್‌ಎಲ್‌ಆರ್ ಮುಗಿಯಲು ನಾಲ್ಕು ದಿನವಿರುವಾಗ ಅವಳು ಟೆಸ್ಟು ಪಾಸಾದಳು. ಒಂದು ಕಂಬವೂ ಅಲ್ಲಾಡಲಿಲ್ಲ. ಹಿತ್ತಲಲ್ಲಿ ಈಗ ಆರುನೂರಲ್ಲ, ಸಾವಿರ ಕಾಯಿ ಇಟ್ಟಿದ್ದಾಳೆ. ನಾನು ದಿನಾ ಬೆಳಿಗ್ಗೆ ಕೆರೆಯಂಗಳದಲ್ಲಿ ನೆಟ್ಟಗೆ ಓಡಿಸುವುದನ್ನು ಕಲಿಯುತ್ತಿದ್ದೇನೆ. ಅವಳು ಪಕ್ಕದಲ್ಲಿ ಕೂತಿರುತ್ತಾಳೆ. ನನ್ನ ಕೈ ಹಳೆಯ ಚಾಳಿಗೆ ಬಿದ್ದಾಗ ಒಂದೇ ಬೆರಳನ್ನು ಸ್ಟೀರಿಂಗಿನ ಮೇಲಿಟ್ಟು ಸುಮ್ಮನೆ ತಡೆಯುತ್ತಾಳೆ, ಒಂದು ದಿನವೂ ದನಿ ಏರಿಸಿದವಳಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎರಡು ತಿಂಗಳಾಯಿತು, ಇನ್ನೆಷ್ಟು ದಿನ ಬೇಕಾಗಬಹುದು ಎಂದು ನಿನ್ನೆ ಮೆಲ್ಲಗೆ ಕೇಳಿದೆ.

“ಏನ್ ಅವಸರ ಬಿಡ್ರಿ,” ಎಂದಳು. “ಸಂತೆಗೆ ಹೆಂಗೂ ನಾನೇ ಹೋಗ್ತೀನಲ್ಲ.”

ಮೂವತ್ತೊಂದು ವರ್ಷದಲ್ಲಿ ನೂರಾರು ಮಕ್ಕಳನ್ನು ಫೇಲು ಮಾಡಿದ್ದೇನೆ. ಇಷ್ಟು ಮೃದುವಾಗಿ ಹೇಳಬಹುದೆಂದು ನನಗೆ ಗೊತ್ತೇ ಇರಲಿಲ್ಲ.